ಗೆರೆಗಿಂತ ಎರಡು ಬೆರಳು ಮೇಲೆ

ಗೆರೆ ಪೆನ್ಸಿಲಿನದು. ಬಡಗಿಗಳು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಚಪ್ಪಟೆ ಪೆನ್ಸಿಲಿನದು. ತೊಟ್ಟಿಯ ಒಳಗೋಡೆಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಮಟ್ಟ ಹಿಡಿದು ಎಳೆದಿದ್ದರು. ನಾನು ಹೊಟ್ಟೆಯ ಮೇಲೆ ಮಲಗಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡು ಬೆರಳು ಜೋಡಿಸಿ ಗೆರೆಯ ಮೇಲಿಟ್ಟೆ. ಬೆರಳು ಮುಗಿಯುವಲ್ಲಿ ಸರಿಯಾಗಿ, ಪಕ್ಕದಲ್ಲಿ ಇನ್ನೂ ಕೀಳದೆ ಉಳಿದಿದ್ದ ಗಾರೆಯ ಮೇಲೆ ಗೋಣಿತಾಟಿನ ನೇಯ್ಗೆಯ ಅಚ್ಚು ಶುರುವಾಗುತ್ತಿತ್ತು.

"ಏನಾದ್ರೂ ಸಿಕ್ತಾ ಸಾರ್ಜೆಂಟ್?" ಶುವಾನ್ ಮೇಲಿನಿಂದ ಕೇಳಿದಳು.

"ಗೆರೆ ಸಿಕ್ತು."

"ಗೆರೆಯಿಂದ ನನ್ನ ಚಾವಣಿ ಮುಚ್ಚೋಕಾಗುತ್ತಾ?"

ಅವಳದ್ದೂ ತಪ್ಪಿಲ್ಲ. ಕಾರ್ಡಿಫ್‌ನಲ್ಲಿದ್ದ ಫ್ಲಾಟು ಮಾರಿ, ನಮ್ಮೂರಿನ ಈ ಹೆರ್ಮಾನ್ ಚರ್ಚು ಕೊಂಡು, ಅದನ್ನು ಮನೆ ಮಾಡಿಕೊಳ್ಳಲು ಎರಡು ವರ್ಷದಿಂದ ಅಂಗಳದಲ್ಲಿ ಕ್ಯಾರವಾನಿನಲ್ಲಿ ಮಲಗುತ್ತಿದ್ದಾಳೆ. ಕಲ್ಲಿನ ಗೋಡೆಗೆ ಒಳಗಿನಿಂದ ಸೆಣಬು ಬೆರೆಸಿದ ಸುಣ್ಣದ ಗಾರೆ, ಹಳೆಯ ಬೆಂಚುಗಳಿಂದ ಮಹಡಿ ಮೆಟ್ಟಿಲು, ಹೊರಗಾಳಿಯ ಬಿಸಿ ಹೀರಿ ನೆಲದಡಿ ಹರಿಸುವ ಪಂಪು, ಚಾವಣಿಯ ಮಳೆನೀರು ಸೀದಾ ಈ ತೊಟ್ಟಿಗೆ. ಹೊಗೆಯಿಲ್ಲ, ಎಣ್ಣೆಯಿಲ್ಲ. ಅಡ್ಡ ನಿಂತಿದ್ದು ಬಾವಲಿಗಳು ಮಾತ್ರ. ಮೇ ಹುಟ್ಟಿದರೆ ಅವು ಮರಿ ಹಾಕಲು ಚಾವಣಿಗೆ ವಾಪಸು ಬರುತ್ತವೆ, ಆಮೇಲೆ ಸುತ್ತಿಗೆ ಎತ್ತುವಂತಿಲ್ಲ. ಇವತ್ತು ಏಪ್ರಿಲ್ ಇಪ್ಪತ್ತೆರಡು.

"ಬಾವಲಿಗೆ ಇರೋ ಕಾನೂನು ನನಗಿಲ್ಲ ನೋಡಿ," ಎಂದಳು.

"ಬಾವಲಿ ಯಾರನ್ನೂ ಕೊಂದಿಲ್ವಲ್ಲ," ಎಂದು ನಾನು ಮೈ ಕೊಡವಿಕೊಂಡು ಎದ್ದೆ.

ಹೋದ ಗುರುವಾರ ಅವಳ ಕೆಲಸದವರು ಈ ತೊಟ್ಟಿಯ ಗಾರೆ ಕೀಳುತ್ತಿದ್ದಾಗ ಮೊದಲು ಒಂದು ಬೂಟು, ಅದರ ಹಿಂದೆ ಒಬ್ಬ ಮನುಷ್ಯ ಸಿಕ್ಕಿದ್ದ. ಕೋಟಿನ ಜೇಬಿನಲ್ಲಿ, ಸ್ವರ ಹಿಡಿಯಲು ತಟ್ಟಿ ಕಿವಿಗಿಡುವ ಶ್ರುತಿಕವೆ ಇತ್ತು, ಹೆಸರು ಹುಡುಕಲು ಬೇರೇನೂ ಬೇಕಾಗಲಿಲ್ಲ. ಬೆರ್ವಿನ್ ಗಿಟಿನ್ಸ್, ಈ ಸಭೆಗೆ ಹಾಡು ಎತ್ತಿಕೊಡುತ್ತಿದ್ದವನು. ಮೂವತ್ತೆಂಟು ವರ್ಷದ ಹಿಂದೆ, ಸಮುದ್ರದಾಚೆ ಪಟಗೋನಿಯಾದಲ್ಲಿ ನೆಲೆಸಿರುವ ನಮ್ಮ ವೆಲ್ಶ್ ಜನಕ್ಕೆ ಹಾಡು ಕಲಿಸಲು ಹೊರಟುಹೋದ ಎಂದೇ ಊರು ನಂಬಿತ್ತು. ಹೋದವನು ಒಂದು ಕಾಗದ ಹಾಕಲಿಲ್ಲವೆಂದು ಇವತ್ತಿಗೂ ಮುನಿಸಿಕೊಂಡಿತ್ತು. ಪಾಪ, ಅವನು ಹೋಗಿದ್ದು ಪ್ರಸಂಗಪೀಠದಿಂದ ಆರು ಅಡಿ ದೂರ.

ನಮ್ಮ ಸಭೆಯಲ್ಲಿ ದೀಕ್ಷಾಸ್ನಾನವೆಂದರೆ ಹಣೆಗೆ ನಾಲ್ಕು ಹನಿ ಚಿಮುಕಿಸುವುದಲ್ಲ. ಆಳನ್ನು ಪೂರ್ತಿ ಮುಳುಗಿಸಿ ಎಬ್ಬಿಸಬೇಕು. ಅದಕ್ಕೆ ಪೀಠದ ಮುಂದೆ, ನೆಲದ ಹಲಗೆಗಳ ಕೆಳಗೆ ಈ ತೊಟ್ಟಿ. ಅದು ಸೋರಿ ಗೋಡೆಗೆ ತೇವ ಏರುತ್ತಿದೆಯೆಂದು ಎಂಬತ್ತೇಳರ ಮಾರ್ಚಿನಲ್ಲಿ ಹಿರಿಯರು ತುಂಬಿಸಿಬಿಟ್ಟರು. ಕಲ್ಲುಚೂರು ಮತ್ತು ಸುಣ್ಣ, ಎರಡು ಪದರ. ಎರಡರ ನಡುವೆ ಒಂದು ವಾರ. ಬೆರ್ವಿನ್ ಸಿಕ್ಕಿದ್ದು ಕೆಳಗಿನ ಪದರದಲ್ಲಿ.

ಅವನ ಕಡತವೂ ಇತ್ತು. ಅರ್ಧ ಪುಟ. ಬರೆದವರು ಆಗಿನ ಊರ ಪೇದೆ ಗ್ಲಿನ್ ಬೆಬ್, ಅಂದರೆ ನನ್ನ ಅಪ್ಪ. 'ಸದರಿಯವನು ಪಟಗೋನಿಯಾಕ್ಕೆ ಹೋಗಿರುತ್ತಾನೆ. ಅನುಮಾನಕ್ಕೆ ಆಸ್ಪದವಿಲ್ಲ.' ಅಪ್ಪ ಹೋದ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ಅರ್ಧ ಪುಟದ ನಕಲನ್ನು ಐದು ದಿನದಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಅದರಿಂದ ಕೇಸಿಗೆ ಏನೋ ಸಿಗುತ್ತದೆಂದಲ್ಲ, ಅವರ ದುಂಡು ಅಕ್ಷರ ನೋಡಬೇಕೆನ್ನಿಸುತ್ತಿತ್ತು, ಅಷ್ಟೇ.

"ತೆಗ್ವೆನ್! ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯೇನೇ?"

ಬಾಗಿಲ ಹೊಸ್ತಿಲಲ್ಲಿ ಅಮ್ಮ. ಕೈಯಲ್ಲಿ ಕಾವಲಿ ಕೇಕಿನ ಡಬ್ಬ. ಎಂಬತ್ತನಾಲ್ಕು ವರ್ಷವಾಗಿದ್ದರೂ ದಿನಾ ಗುಡ್ಡ ಹತ್ತಿ ಬಂದು ಶುವಾನ್‌ಳಿಗೂ ಅವಳ ಕೆಲಸದವರಿಗೂ ತಿನ್ನಿಸಿ ಹೋಗುತ್ತಾಳೆ. ಅಪ್ಪ ಹೋದ ಮೇಲೆ, ಮಾಡಿದ್ದನ್ನು ತಿನ್ನಲು ಯಾರಾದರೂ ಬೇಕು ಅವಳಿಗೆ.

"ಏನಮ್ಮ ಇದು, ಮಂಗಳವಾರ ಭಾನುವಾರದ ಕೋಟು? ಹ್ಯಾಟು ಬೇರೆ?"

"ನಾಲ್ಕು ಗಂಟೆಗೆ ಟೌನಿಗೆ ಹೋಗೋದಿದೆ. ಟೌನಿಗೆ ಹೋಗೋವಾಗ ಗೋಣಿ ಸುತ್ಕೊಂಡ್ ಹೋಗ್ಲಾ?"

"ಸೊಂಟ ನೋವು ಅಂತಿದ್ದೆ ಬೆಳಿಗ್ಗೆ."

"ಎಲೆಕೋಸಿನ ಸಸಿಗೆಲ್ಲ ಬಗ್ಗಿ ಬಗ್ಗಿ ಲೋಟದಲ್ಲಿ ನೀರು ಹಾಕಿದ್ರೆ ಇನ್ನೇನಾಗುತ್ತೆ? ಆ ಕ್ಯಾನಲ್ಲಿ ಹಾಕಿದ್ರೆ ಧೋ ಅಂತ ಸುರಿದು ಸಸೀನೇ ಕಿತ್ಕೊಂಡ್ ಹೋಗುತ್ತೆ." ಡಬ್ಬವನ್ನು ಶುವಾನ್‌ಳ ಕೈಗಿತ್ತಳು. "ನೀನು ತಿನ್ನಮ್ಮ, ಕಡ್ಡಿ ಆಗಿದೀಯ. ಆ ಕಡೆ ಗಾರೆ ಹಾಕ್ತಿರೋ ಇಡ್ವಾಲ್‌ಗೂ ಎರಡು ಕೊಡು. ದ್ರಾಕ್ಷಿ ಜಾಸ್ತಿ ಇರೋದು ನೋಡಿ ಕೊಡು."

"ಒಳಗೆ ಬನ್ನಿ ಲೂನೆಡ್ ಆಂಟಿ," ಎಂದಳು ಶುವಾನ್.

"ಬೇಡಮ್ಮ, ನನ್ನ ಮಂಡಿ ಕೇಳಲ್ಲ," ಎಂದು ಅಮ್ಮ ಹೊಸ್ತಿಲಿನಿಂದಲೇ ತಿರುಗಿದಳು. ಗುಡ್ಡ ಹತ್ತಿಬಂದ ಮಂಡಿಗೆ ಹೊಸ್ತಿಲು ಯಾವ ಲೆಕ್ಕ ಎಂದು ನನಗೆ ಆಗ ಹೊಳೆಯಲಿಲ್ಲ. ನನ್ನ ತಲೆಯ ತುಂಬ ನಾಲ್ಕು ಗಂಟೆಯೇ ಇತ್ತು.

ಯಾಕೆಂದರೆ ನಿನ್ನೆ ಸಂಜೆ ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಚೀಫ್ ಇನ್ಸ್‌ಪೆಕ್ಟರ್ ಮೋಸ್ಟಿನ್ ಫೋನ್ ಮಾಡಿದ್ದರು. ಎಂಬತ್ತೇಳರಲ್ಲಿ ಎಲ್ಲರೂ ಸಿಮೆಂಟಿಗೆ ಬಿದ್ದಿದ್ದ ಕಾಲದಲ್ಲಿ, ಈ ಸುತ್ತಿನಲ್ಲಿ ಸುಣ್ಣದ ಗಾರೆ ಹಾಕುತ್ತಿದ್ದವನು ಒಬ್ಬನೇ. ಇಡ್ವಾಲ್ ಪ್ಯೂ. "ನಾಳೆ ನಾಲ್ಕು ಗಂಟೆಗೆ ವ್ಯಾನ್ ಕಳಿಸ್ತೀನಿ. ಅಷ್ಟರೊಳಗೆ ಅವನು ಬೇರೆ ಹೆಸರು ಕೊಟ್ರೆ ಸರಿ, ಇಲ್ದಿದ್ರೆ ಅವನನ್ನೇ ಹತ್ತಿಸು." ಫೋನು ಸ್ಪೀಕರಿನಲ್ಲಿತ್ತು. ನನ್ನ ಕೈಯಲ್ಲಿ ಫೋರ್ಕು ಇತ್ತು ನೋಡಿ.

ಇಡ್ವಾಲ್ ಮಾಮನಿಗೆ ಎಪ್ಪತ್ತನಾಲ್ಕು. ಜೀವನವಿಡೀ ಸುಣ್ಣದ ಧೂಳು ಕುಡಿದ ಶ್ವಾಸಕೋಶ. ಲಾಕಪ್ಪಿನಲ್ಲಿ ನಾಲ್ಕು ದಿನ ಇಟ್ಟರೆ ಐದನೆಯ ದಿನ ಅವರನ್ನು ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಸೈಕಲ್ ಹೊಡೆಯುವುದನ್ನು ನನಗೆ ಕಲಿಸಿದ ಮನುಷ್ಯ ಅವರು. ಅವರನ್ನು ನನ್ನ ಕೈಯಾರೆ ವ್ಯಾನಿಗೆ ಹತ್ತಿಸಬೇಕಿತ್ತು.

ಗಡಿಯಾರ ನೋಡಿದೆ. ಮೂರು ಗಂಟೆಗೆ ಐದು ನಿಮಿಷ.

ಫೋನು ಟಿಂಗ್ ಎಂದಿತು. ಕಾರ್ಡಿಫ್ ಲ್ಯಾಬಿನವರು ಏಳನೆಯ ವಸ್ತುವಿನ ಫೋಟೋ ಕಳಿಸಿದ್ದರು. ಹೆಣದ ಭುಜದ ಪಕ್ಕ ಗಾರೆಯಲ್ಲಿ ಹೂತಿದ್ದದ್ದು, ತೊಳೆದು ಇಟ್ಟಿದ್ದರು. ಅಂಗೈ ಅಗಲದ ಹಿತ್ತಾಳೆಯ ಬಿಲ್ಲೆ, ಸ್ವಲ್ಪ ಉಬ್ಬಿದ ಮೈ, ಅದರ ತುಂಬ ಸಣ್ಣ ಸಣ್ಣ ತೂತು. 'ಜಾಲರಿ? ಸೋಸಣಿಗೆಯೇ?' ಎಂದು ಬರೆದಿದ್ದರು.

"ಇದೇನಿರಬಹುದು?" ಎಂದು ಶುವಾನ್‌ಳಿಗೆ ತೋರಿಸಿದೆ.

"ಶವರ್?" ಎಂದಳು ಕೇಕು ಅಗಿಯುತ್ತಾ. "ಚರ್ಚಲ್ಲಿ ಶವರ್ ಯಾಕಿರುತ್ತೆ ಬಿಡಿ."

ಅವಳನ್ನು ನಾನು ಇನ್ನೊಂದು ಮಾತು ಕೇಳಬೇಕಿತ್ತು. "ಈ ತೊಟ್ಟಿ ಇದೆ ಅಂತ ನಿನಗೆ ಇಡ್ವಾಲ್ ಹೇಳಿದ್ರಾ?"

"ಇಲ್ಲ, ಹಳೇ ನಕ್ಷೇಲಿ ನಾನೇ ನೋಡಿದ್ದು. ಕೇಳಿದ್ರೆ, ಅದರ ತಂಟೆಗೆ ಹೋಗ್ಬೇಡ, ಒಂದು ಪ್ಲಾಸ್ಟಿಕ್ ಟ್ಯಾಂಕ್ ತಗೊಂಡ್ ಹೊರಗೆ ಹೂತ್‌ಬಿಡು ಅಂದ್ರು."

"ಇಡ್ವಾಲ್ ಪ್ಯೂ ಪ್ಲಾಸ್ಟಿಕ್ ಅಂದ್ರಾ?"

"ನನಗೂ ಆಶ್ಚರ್ಯ ಆಯ್ತು. ನನ್ನ ಪ್ಲಾಸ್ಟಿಕ್ ಬಕೆಟ್ ಕಂಡ್ರೇ ಮುಖ ಸಿಂಡರಿಸ್ತಾರೆ."

ಪಕ್ಕದ ಶಾಲೆಕೋಣೆಯಲ್ಲಿ ಕೆಲಸ ನಡೆಯುತ್ತಿತ್ತು. ನಾವೆಲ್ಲ ಭಾನುವಾರ ಬೈಬಲ್ ವಚನ ಗಿಣಿಪಾಠ ಮಾಡಿದ ಕೋಣೆ ಅದು, ಇನ್ನು ಮೇಲೆ ಅಡುಗೆಮನೆ. ನಾನು ಒಳಗೆ ಹೋದಾಗ ಇಡ್ವಾಲ್ ಮಾಮ ಕಿಟಕಿಯ ಪಕ್ಕದ ಗೋಡೆಗೆ ಕರಣೆಯಿಂದ ಗಾರೆ ಮೆತ್ತುತ್ತಿದ್ದರು. ಬೆಳಿಗ್ಗೆ ಮುಗಿಸಿದ್ದ ಭಾಗದ ಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟಿತ್ತು.

"ಬಾಗಿಲು ಮುಂದಕ್ಕೆ ಹಾಕ್ಕೋ ಪುಟ್ಟಿ. ಗಾಳಿ ಬಡಿದ್ರೆ ಗೋಡೆ ಒಣಗುತ್ತೆ."

ನನಗೆ ಐವತ್ತೊಂದು ವರ್ಷ. ಭುಜದ ಮೇಲೆ ಮೂರು ಪಟ್ಟಿ ಇದೆ. ಬಾಗಿಲು ಮುಂದಕ್ಕೆ ಹಾಕಿದೆ.

"ಮಾಮ, ನಾಲ್ಕು ಗಂಟೆಗೆ ವ್ಯಾನ್ ಬರುತ್ತೆ."

"ಯಾರಿಗೆ?"

"ನಿಮಗೆ."

ಕರಣೆ ನಿಲ್ಲಲಿಲ್ಲ. "ಹಂಗಾದ್ರೆ ಈ ಪಟ್ಟಿ ಮುಗಿಸಿಬಿಡ್ತೀನಿ. ಅರ್ಧಕ್ಕೆ ಬಿಟ್ರೆ ಸೇರಿಸಿದ ಗುರುತು ಕಾಣುತ್ತೆ."

"ತೊಟ್ಟಿ ತುಂಬಿದ್ದು ನೀವೇ ತಾನೆ?"

"ಇನ್ಯಾರು? ಪಾಸ್ಟರು ತುಂಬ್ತಾರಾ?"

"ಐದು ದಿನದಿಂದ ನಿಮ್ಮ ಎದುರೇ ಓಡಾಡ್ತಿದೀನಿ. ಒಂದು ಮಾತು ಹೇಳ್ಲಿಲ್ಲ."

"ನೀನು ಕೇಳ್ಲಿಲ್ಲ."

"ಆ ಹುಡುಗಿಗೆ ಪ್ಲಾಸ್ಟಿಕ್ ಟ್ಯಾಂಕ್ ತಗೋ ಅಂದ್ರಂತೆ. ನೀವು!"

ಅವರು ಗಾರೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು, ಅಂಚು ತೀಡಿ, ಒಂದು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದರು. ನನ್ನನ್ನಲ್ಲ, ಗೋಡೆಯನ್ನು.

"ಒಳಗೆ ಸಿಕ್ಕಿದ ಅಚ್ಚು ನೋಡಿದೆ ಮಾಮ," ಎಂದೆ. "ಕೆಳಗಿನ ಪದರದ ಮೇಲೆ ಗೋಣಿ ಹಾಸಿದ ಅಚ್ಚು. ಹೆಣದ ಮೇಲೂ ಹಾದುಹೋಗಿದೆ. ಕೊಂದವನು ಹಸಿ ಗಾರೆ ಅಗೆದು, ಬೆರ್ವಿನ್‌ನ ಮಲಗಿಸಿ, ಮುಚ್ಚಿ, ಮಟ್ಟ ಮಾಡಿ, ಮತ್ತೆ ಗೋಣಿ ಹಾಸಿದಾನೆ. ಅಷ್ಟೇ ಅಲ್ಲ, ಆಮೇಲೂ ದಿನಗಟ್ಟಲೆ ಆ ಗೋಣಿ ಒಣಗದ ಹಾಗೆ ಯಾರೋ ನೀರು ಹೊಡೆದಿದಾರೆ. ಇಲ್ದಿದ್ರೆ ಬಿರುಕು ಬಿಡ್ತಿತ್ತು. ಒಂದು ಕೂದಲೆಳೆ ಬಿರುಕಿಲ್ಲ."

"ಸುಣ್ಣದ ಕೆಲಸ ಬಲ್ಲೋರು ಯಾರೂ ಗೋಣಿ ಒಣಗೋಕೆ ಬಿಡಲ್ಲ."

"ಅದಕ್ಕೇ ವ್ಯಾನ್ ನಿಮಗೆ ಬರ್ತಿದೆ."

"ಬರ್ಲಿ ಬಿಡು."

ಈ ಮುದುಕನ ಹಟ ನನಗೆ ಹೊಸದಲ್ಲ. ದನಿ ಏರಿಸಿದರೆ ಇನ್ನೂ ಬಿಗಿಯಾಗುವ ಜನ. ಅಲ್ಲಿದ್ದ ಮಗುಚಿದ ಬಕೆಟ್ಟಿನ ಮೇಲೆ ಕೂತೆ.

"ಸುಣ್ಣ ಒಣಗ್ತಾ ಕುಗ್ಗುತ್ತಾ ಉಬ್ಬುತ್ತಾ ಮಾಮ?"

"ಕುಗ್ಗುತ್ತೆ. ಯಾಕೆ?"

"ಎಷ್ಟು?"

"ಕಣ್ಣಿಗೆ ಕಾಣದಷ್ಟು."

"ತೊಟ್ಟಿ ಗೋಡೆ ಮೇಲೆ ಪೆನ್ಸಿಲ್ ಗೆರೆ ಇದೆ. ಮೊದಲನೇ ಪದರ ಇಲ್ಲೀವರೆಗೆ ಅಂತ ನೀವು ಎಳೆದದ್ದು. ಆ ಪದರ ಈಗ ಗೆರೆಗಿಂತ ಎರಡು ಬೆರಳು ಮೇಲಿದೆ. ಕೆಳಗೆ ಒಬ್ಬ ಮನುಷ್ಯನ್ನ ಸೇರಿಸಿದ್ರೆ ಆಗೋವಷ್ಟು. ನೀವೇ ಹೂತಿದ್ರೆ ಮಿಕ್ಕಿದ ಗಾರೆ ಕೆರೆದು ಹೊರಗೆ ಹಾಕಿ ಗೆರೆಗೆ ಸರಿಯಾಗಿ ನಿಲ್ಲಿಸ್ತಿದ್ರಿ. ನಿಮ್ಮ ಕೈಲಿ ಗೆರೆ ಮೀರೋಕೆ ಆಗಲ್ಲ. ಹೆಣ ಇದ್ರೂ ಆಗಲ್ಲ."

ಆಗ ಕರಣೆ ನಿಂತಿತು. ಅದನ್ನು ನೀರಿನ ಬಕೆಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಕಿಟಕಿಯ ಕಟ್ಟೆಯ ಮೇಲೆ ಕೂತರು. ಉಸಿರು ಸುಂಯ್ ಎನ್ನುತ್ತಿತ್ತು.

"ಹದಿನಾಲ್ಕನೇ ತಾರೀಕು ಶನಿವಾರ ಕೆಳಗಿಂದು ಹಾಕಿದೆ," ಎಂದರು. "ಮುಂದಿನ ಶನಿವಾರ ಬಂದು ಗೋಣಿ ಎತ್ತಿದೆ. ಗೆರೆ ಕಾಣ್ಲಿಲ್ಲ. ಮಂಡಿ ಊರಿ ಕೂತು ಬೆರಳಿಂದ ಕೆರೆದು ನೋಡಿದೆ, ಒಳಗೆ ಎರಡು ಬೆರಳು ಕೆಳಗಿತ್ತು. ಮಟ್ಟ ತಪ್ಪು ಹಿಡಿದಿದೀಯ ಇಡ್ವಾಲ್ ಅಂತ ನನಗೆ ನಾನೇ ಹೇಳ್ಕೊಂಡೆ. ಐವತ್ತೈದು ವರ್ಷದ ಕೆಲಸದಲ್ಲಿ ಅದೊಂದೇ ಸಲ ಮಟ್ಟ ತಪ್ಪಿದ್ದು ನೋಡು."

"ಮೇಲಿನ ಪದರ ಸುರಿದ್ರಿ?"

"ಸುರಿದೆ. ಪಾಸ್ಟರು ಹಲಗೆ ಹೊಡೆಸೋಕೆ ಬಡಗೀನ ಕರೆಸಿದ್ರು, ಕಾಯ್ತಾ ನಿಂತಿದ್ದ." ಕೆಮ್ಮಿದರು. "ಮಾರನೇ ದಿನ ಭಾನುವಾರ. ಇದೇ ಕೋಣೇಲಿ ಆರಾಧನೆ, ಒಳಗೆ ಕೆಲಸ ಅಂತ. ಪಾಸ್ಟರು ಹಾಡಿನ ನಂಬರು ಹೇಳಿ ನಿಂತ್ರು. ನಾವೆಲ್ಲ ಎದ್ದು ನಿಂತ್ವಿ. ಶ್ರುತಿ ಕೊಡೋಕೆ ಬೆರ್ವಿನ್ ಇಲ್ಲ. ಎಂಬತ್ತು ಜನ, ಒಬ್ರೂ ಬಾಯಿ ತೆಗೀಲಿಲ್ಲ. ನಮ್ಮ ಜನ ಹಾಡದೆ ನಿಂತಿದ್ದು ಅವತ್ತೇ ನಾನು ನೋಡಿದ್ದು. ಅಲ್ಲೀವರೆಗೂ ಅವನಿಲ್ಲ ಅಂತ ಯಾರಿಗೂ ಗೊತ್ತಿರ್ಲಿಲ್ಲ. ತನ್ನ ಪಾಡಿಗೆ ಒಬ್ಬನೇ ಇರೋ ಗಂಡಸು, ಯಾರು ನೋಡ್ತಾರೆ? ಅವನು ಪಟಗೋನಿಯಾ ಪಟಗೋನಿಯಾ ಅಂತ ವರ್ಷದಿಂದ ಹೇಳ್ತಿದ್ದ, ಹಂಗಾಗಿ ಹೋದ ಅಂದ್ರು. ನಾನು ಮಾತ್ರ ಎರಡು ಬೆರಳು ಲೆಕ್ಕ ಹಾಕ್ತಾ ಕೂತೆ."

"ಮೂವತ್ತೆಂಟು ವರ್ಷ!"

"ಬೈಯಿ. ಬೈಸ್ಕೊಳ್ಳೋ ಕೆಲಸಾನೇ ಮಾಡಿದೀನಿ."

ಬೈಯುವಷ್ಟು ಪುರುಸೊತ್ತಿರಲಿಲ್ಲ. ಮೂರೂಕಾಲು ದಾಟಿತ್ತು. ಬೆರ್ವಿನ್‌ನ ತಾಯಿ ಸಾಯುವವರೆಗೂ ಟಪಾಲಿನವನ ಸೈಕಲ್ಲಿನ ಗಂಟೆಗೆ ಕಿವಿಗೊಟ್ಟು ಕೂತಿದ್ದಳು. ಅದನ್ನು ಹೇಳಬೇಕೆಂದು ಬಾಯಿಗೆ ಬಂತು, ನುಂಗಿಕೊಂಡೆ. ಅವರಿಗೆ ಗೊತ್ತಿಲ್ಲದ್ದೇನಲ್ಲ.

"ಆ ವಾರ ಒಳಗೆ ಹೋಗೋಕೆ ಯಾರಿಗೆ ಆಗ್ತಿತ್ತು ಮಾಮ? ಕೀಲಿ ಹೊರಗೆ ಬಾಗಿಲ ಪಕ್ಕದ ಹಾಸುಗಲ್ಲಿನ ಕೆಳಗೇ ಇರ್ತಿತ್ತಲ್ಲ. ಊರಿಗೆಲ್ಲ ಗೊತ್ತು."

"ಆ ವಾರ ಇರ್ಲಿಲ್ಲ." ಹೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡರು.

"ಮತ್ತೆ?"

ಅವರು ಬಗ್ಗಿ ಬಕೆಟ್ಟಿನ ನೀರಿನಲ್ಲಿ ಕರಣೆ ತೊಳೆಯತೊಡಗಿದರು.

"ಮತ್ತೆಲ್ಲಿತ್ತು ಮಾಮ?"

"ಒಳಗೆ ಹಸಿ ಸುಣ್ಣ ಇತ್ತು. ಮಕ್ಕಳು ನುಗ್ಗಿ ಬಿದ್ದು ಕಣ್ಣು ಕಳ್ಕೊಂಡ್ರೆ ಯಾರು ಹೊಣೆ? ಬೀಗ ಹಾಕಿ ಒಬ್ಬರ ಕೈಗೆ ಕೊಟ್ಟಿದ್ದೆ. ಬೆಳಿಗ್ಗೆ ಸಂಜೆ ಗೋಣಿಗೆ ನೀರು ಹೊಡೀರಿ ಅಂತ. ಇನ್ನು ಕೇಳ್ಬೇಡ."

"ಯಾರ ಕೈಗೆ?"

"ಕೇಳ್ಬೇಡ ಅಂದೆ."

"ನಿಮ್ಮನ್ನ ಲಾಕಪ್ಪಿಗೆ ಹಾಕ್ತಾರೆ ಮಾಮ. ಅಲ್ಲಿ ತೇವ, ಚಳಿ. ನಿಮ್ಮ ಎದೆಗೆ ಆಗಲ್ಲ. ಸತ್ತು ಹೋಗ್ತೀರಿ."

"ಎಪ್ಪತ್ನಾಲ್ಕು ಆಯ್ತಲ್ಲ."

"ಯಾರನ್ನ ಉಳಿಸೋಕೆ ಇಷ್ಟು ಒದ್ದಾಡ್ತಿದೀರಿ?"

ಆಗ ಅವರು ನನ್ನ ಮುಖ ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಮನೆಯವರನ್ನು ಪಕ್ಕಕ್ಕೆ ಕರೆಯುವ ಮುಂಚೆ ಹಾಗೆ ನೋಡುತ್ತಾರೆ. ಏನು ಮಾಡಬೇಕೆಂದು ತಿಳಿಯದೆ ಫೋನು ತೆಗೆದು ಹಿತ್ತಾಳೆ ಬಿಲ್ಲೆಯ ಫೋಟೋ ಅವರ ಮುಂದೆ ಹಿಡಿದೆ.

"ಇದು ಅವನ ಪಕ್ಕ ಸಿಕ್ಕಿದ್ದು. ಗಾರೆ ಕೆಲಸದ ಸಾಮಾನಾ?"

ಕನ್ನಡಕ ಹಣೆಯಿಂದ ಇಳಿಸಿಕೊಂಡು ನೋಡಿದರು. ನೋಡುತ್ತಾ ನೋಡುತ್ತಾ ಭುಜ ಇಳಿದುಹೋಯಿತು.

"ನಿನಗೆ ನಿಜವಾಗ್ಲೂ ನೆನಪಿಲ್ವೇನೇ ಪುಟ್ಟಿ?"

"ಏನು?"

"ಇದು ಗಿಡಕ್ಕೆ ನೀರು ಹಾಕೋ ಕ್ಯಾನಿನ ಮೂತಿ ಬಿಲ್ಲೆ. ಇದಿದ್ರೆ ನೀರು ತುಂತುರು ಬೀಳುತ್ತೆ, ಗಾರೆಗೆ ಏಟಾಗಲ್ಲ. ಬಿಲ್ಲೆ ಇರೋ ಕ್ಯಾನೇ ತರಬೇಕು ಅಂತ ನಾನೇ ಹೇಳಿದ್ದೆ." ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು. "ಅಂಚಿಂದ ಆಚೆ ಕಾಲಿಡಬಾರ್ದು, ಹಿಂಗೆ ನಿಂತು ಹಿಂಗೆ ಬೀಸಿ ಹೊಡೀಬೇಕು ಅಂತ ನಿನಗೆ ತೋರಿಸ್ಕೊಟ್ಟೆ. ಮೊದಲ ಮೂರು ದಿನ ನೀರು ಹೊಡೆದದ್ದು ನೀನೇ ಕಣೇ."

ಕ್ಯಾನು ಭಾರವಿತ್ತು. ಮೊದಲು ನೆನಪಾದದ್ದು ಅದು. ಹಸಿರು ಬಣ್ಣದ ತಗಡಿನ ಕ್ಯಾನು, ಹದಿಮೂರು ವರ್ಷದ ಕೈಗೆ ಹಿಡಿ ಒತ್ತಿ ಕೆಂಪಗೆ ಬರೆ ಬೀಳುತ್ತಿತ್ತು. ಮೊದಲು ಹೊತ್ತದ್ದು ಭಾನುವಾರವೋ ಸೋಮವಾರವೋ ಎಂದು ಕೇಳಿದರೆ ಹೇಳಲಾರೆ, ಆದರೆ ಒದ್ದೆ ಗೋಣಿಯ ವಾಸನೆ ಮೂಗಿಗೆ ಬಂತು. ಮಂಗಳವಾರ ಸಂಜೆ ಅದನ್ನು ಹೊತ್ತು ಗುಡ್ಡ ಇಳಿಯಲು ಬೇಸರವಾಗಿ ತೊಟ್ಟಿಯ ಪಕ್ಕವೇ ಬಿಟ್ಟು ಮನೆಗೆ ಹೋಗಿದ್ದೆ. ಅಮ್ಮ ಬೈಯುತ್ತಾಳೆಂದು ಹೆದರಿದ್ದೆ. ಬುಧವಾರ ಬೆಳಿಗ್ಗೆ ಅವಳು ಬೈಯಲಿಲ್ಲ. ಗಂಜಿ ಬಡಿಸುತ್ತಾ, 'ಇನ್ನು ನೀನು ಹೋಗೋದು ಬೇಡ, ನಾನೇ ಹೊಡೀತೀನಿ' ಎಂದಳು. ನಾನು ಖುಷಿಪಟ್ಟೆ.

ಆ ಕ್ಯಾನು ಈಗಲೂ ಹಿತ್ತಿಲಲ್ಲಿದೆ. ಅದರ ಮೂತಿಗೆ ಬಿಲ್ಲೆಯಿಲ್ಲ. ನನಗೆ ನೆನಪಿರುವಷ್ಟು ಕಾಲದಿಂದಲೂ ಧೋ ಎಂದು ಸುರಿಯುತ್ತದೆ.

"ಕೀಲಿ ಲೂನೆಡ್ ಕೈಗೆ ಕೊಟ್ಟಿದ್ದೆ," ಎಂದರು ಇಡ್ವಾಲ್ ಮಾಮ, ಗೋಡೆಯ ಕಡೆ ತಿರುಗಿ. "ಅವಳು ಚೆನ್ನಾಗಿ ನೋಡ್ಕೊಂಡಿದ್ಲು. ಗೋಣಿ ಒಂದಿನಾನೂ ಒಣಗಿರ್ಲಿಲ್ಲ."

ನಾನು ಎದ್ದೆ. ನೆಟ್ಟಗೆ ನಡೆದುಕೊಂಡೇ ಹೊರಗೆ ಹೋದೆ. ತಲೆ ಮಾತ್ರ ಒಂದೇ ಕಡೆ ಓಡುತ್ತಿತ್ತು: ಮಂಗಳವಾರ ನಾಲ್ಕು ಗಂಟೆಗೆ ಟೌನಿಗೆ ಬಸ್ಸಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಗೇಟಿನ ಪಕ್ಕ ಶುವಾನ್ ಒಂದು ಹಳೆಯ ಚರ್ಚಿನ ಬೆಂಚು ಹಾಕಿಸಿದ್ದಾಳೆ. ಅಮ್ಮ ಅದರ ಮೇಲೆ ಕೂತಿದ್ದಳು. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಪ್ರಸಂಗ ಶುರುವಾಗುವ ಮುಂಚೆ ಕೂರುವ ಹಾಗೆ.

ಪಕ್ಕದಲ್ಲಿ ಕೂತೆ. ಫೋಟೋ ತೋರಿಸಿದೆ. ಅವಳು ಕನ್ನಡಕ ಹುಡುಕಲಿಲ್ಲ.

"ಇಡ್ವಾಲ್ ಹೇಳಿದ್ನಾ?"

"ಕೊನೇವರೆಗೂ ಹೇಳ್ಲಿಲ್ಲ. ನಾನೇ ಬಾಯಿ ಬಿಡಿಸಿದೆ."

"ಅವನು ಒಳ್ಳೇವನು. ಅವನನ್ನ ಕರ್ಕೊಂಡ್ ಹೋಗಿ ಚಳೀಲಿ ಕೂರಿಸ್ಬೇಡ. ನಿಮ್ಮ ಸಾಹೇಬ್ರಿಗೆ ಹೇಳು, ಗೋಣಿಗೆ ನೀರು ಹೊಡೆದವಳು ನಾನು ಅಂತ. ಅದಕ್ಕೇ ತಾನೆ ಹ್ಯಾಟ್ ಹಾಕ್ಕೊಂಡ್ ಬಂದಿರೋದು?"

"ಅಮ್ಮ, ಬೆರ್ವಿನ್ ಅಲ್ಲಿ ಕೆಳಗಿದಾನೆ ಅಂತ ಗೊತ್ತಿದ್ದೂ ಹೊಡೆದ್ಯಾ?"

"ನಾಲ್ಕು ದಿನ, ಬೆಳಿಗ್ಗೆ ಸಂಜೆ."

"ನೀನೇ ಅವನನ್ನ..."

"ನೀರು ಹೊಡೆದವಳು ನಾನು ಅಂದೆ," ಅಮ್ಮ ನನ್ನ ಮಾತು ಕತ್ತರಿಸಿದಳು. "ಅಗೆದವಳು ನಾನು ಅಂದ್ನಾ?"

ಗುಡ್ಡದ ತಿರುವಿನಲ್ಲಿ ವ್ಯಾನಿನ ಸದ್ದು ಕೇಳಿಸಿತು. ಮೋಸ್ಟಿನ್ ಎಂದೂ ತಡಮಾಡುವವರಲ್ಲ, ಇವತ್ತು ಹತ್ತು ನಿಮಿಷ ಮುಂಚೆಯೇ ಕಳಿಸಿದ್ದರು.

"ಯಾರಮ್ಮ ಅಗೆದದ್ದು?"

"ನಿಮ್ಮ ಸಾಹೇಬ್ರಿಗೆ ಹೇಳ್ತೀನಿ. ಜಡ್ಜು ಕೇಳಿದ್ರೆ ಜಡ್ಜಿಗೆ ಹೇಳ್ತೀನಿ." ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು, ಹಿಟ್ಟಿನ ವಾಸನೆಯಿತ್ತು. "ನಿನಗೆ ಮಾತ್ರ ಹೇಳಲ್ಲ ಮಗಳೇ. ಅದೊಂದು ಕೇಳ್ಬೇಡ."

ವ್ಯಾನು ಗೇಟಿನ ಎದುರು ನಿಂತಿತು. ಇಬ್ಬರು ಪೇದೆಗಳು ಇಳಿದರು. ಒಬ್ಬ ಚರ್ಚಿನ ಬಾಗಿಲ ಕಡೆ ನೋಡಿದ. ಅಲ್ಲಿ ಇಡ್ವಾಲ್ ಮಾಮ ಕೈ ತೊಳೆದು, ಜಾಕೆಟ್ ಹಾಕಿಕೊಂಡು, ತಯಾರಾಗಿ ನಿಂತಿದ್ದರು. ಇನ್ನೊಬ್ಬ ಬೆಂಚಿನ ಕಡೆ ನೋಡಿ, ಅಮ್ಮನಿಗೆ ನಮಸ್ಕಾರ ಹೇಳಿ, "ಯಾರನ್ನ ಹತ್ತಿಸ್ಕೋಬೇಕು ಸಾರ್ಜೆಂಟ್?" ಎಂದು ಕೇಳಿದ.

ಅಮ್ಮ ಯಾರಿಗೆ ಬೇಕಾದರೂ ಹೇಳುತ್ತಾಳೆ, ನನಗೆ ಮಾತ್ರ ಹೇಳುವುದಿಲ್ಲ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಅಪ್ಪನ ಅರ್ಧ ಪುಟವನ್ನು ಬಿಡಿಸಿದೆ. ಐದು ದಿನದಲ್ಲಿ ಇಪ್ಪತ್ತು ಸಲ ಓದಿದ್ದೆ, ಅಕ್ಷರದ ಮೇಲಿನ ಆಸೆಗೆ. ಮೇಲಿನ ತುದಿಯಲ್ಲಿ ಬಲಗಡೆ, ಅಪ್ಪ ಎಂದೂ ಮರೆಯದೆ ಹಾಕುತ್ತಿದ್ದ ತಾರೀಕನ್ನು ಮಾತ್ರ ಒಮ್ಮೆಯೂ ಲೆಕ್ಕ ಹಾಕಿ ನೋಡಿರಲಿಲ್ಲ.

ಬುಧವಾರ, ಮಾರ್ಚ್ ಹದಿನೆಂಟು. ಬೆರ್ವಿನ್ ಇಲ್ಲವೆಂದು ಊರಿಗೆ ಗೊತ್ತಾಗಲು ಇನ್ನೂ ನಾಲ್ಕು ದಿನ ಬಾಕಿಯಿತ್ತು.